ಕುತ್ತಿಗೆಯ ಚಿತ್ರ ಯಾರಿಗೆ ಬೇಕು? ಜೇಬನ್ನಲ್ಲ, ದೇಹವನ್ನು ಕೇಳಬೇಕು

ಮನುಷ್ಯನ ಕುತ್ತಿಗೆಯಲ್ಲಿ ಏಳು ಎಲುಬುಗಳಿವೆ. ಅವುಗಳ ನಡುವಿನ ಕೊಳವೆಯಲ್ಲಿ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇಳಿದುಬರುತ್ತದೆ. ಅದು ಮೇಲುಭಾಗದಲ್ಲಿ ಕಡಿದುಹೋದರೆ ಉಸಿರು ನಿಲ್ಲುತ್ತದೆ. ತುಸು ಕೆಳಗೆ ಕಡಿದರೆ ಉಸಿರು ಉಳಿಯುತ್ತದೆ, ಆದರೆ ಕಾಲುಗಳು ಹೋಗುತ್ತವೆ, ಕೈಗಳ ಬಲವೂ ಹೋಗುತ್ತದೆ. ಅಪಘಾತದಲ್ಲಿ ಎಲುಬು ಮುರಿದರೂ ಹುರಿ ಇನ್ನೂ ಉಳಿದಿರುವ ಗಾಯಾಳುಗಳಿರುತ್ತಾರೆ. ಆ ಮುರಿತವನ್ನು ಯಾರಾದರೂ ಸಕಾಲದಲ್ಲಿ ಕಂಡರೇ, ಕಾಣಲಿಲ್ಲವೇ ಎಂಬುದರ ಮೇಲೆ ಅಂಥವರ ಮುಂದಿನ ಬದುಕೆಲ್ಲ ನಿಂತಿರುತ್ತದೆ. ಹಾಗೆಂದು ಬಿದ್ದು ಬಂದವರಿಗೆಲ್ಲ ಚಿತ್ರ ತೆಗೆಯುತ್ತ ಹೋದರೆ ನೂರರಲ್ಲಿ ತೊಂಬತ್ತೇಳು, ತೊಂಬತ್ತೆಂಟು ಚಿತ್ರಗಳಲ್ಲಿ ಏನೂ ಕಾಣುವುದಿಲ್ಲ. ಹಣ ಹೋಗುತ್ತದೆ, ಹೊತ್ತು ಹೋಗುತ್ತದೆ, ಬೇಡದ ವಿಕಿರಣ ಮೈಗೆ ತಗಲುತ್ತದೆ, ಗಟ್ಟಿ ಕಾಲರ್ ತೊಟ್ಟ ರೋಗಿ ಗಂಟೆಗಟ್ಟಲೆ ಮಲಗಿಯೇ ಇರಬೇಕಾಗುತ್ತದೆ. ಯಾರ ಕುತ್ತಿಗೆಯ ಚಿತ್ರ ತೆಗೆಯಬೇಕು, ಯಾರದ್ದು ಬೇಡ ಎಂಬುದು ಲೋಕದ ಪ್ರತಿಯೊಂದು ತುರ್ತು ಚಿಕಿತ್ಸಾ ವಿಭಾಗವೂ ದಿನನಿತ್ಯ ಎದುರಿಸುವ ಪ್ರಶ್ನೆ.

ನಾವು ಬದುಕುತ್ತಿರುವ ನೈರೋಬಿಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಮೆಲ್ಲಗೆ ತಾಗಿ, ಕತ್ತು ಹಿಡಿದಂತಾಯಿತು ಎಂದು ನಡೆದುಕೊಂಡೇ ಖಾಸಗಿ ಆಸ್ಪತ್ರೆಗೆ ಬಂದ ವಿಮೆಯುಳ್ಳವನಿಗೆ ಸಿ.ಟಿ. ಸ್ಕ್ಯಾನ್ ಸುಲಭವಾಗಿ ದೊರೆಯುತ್ತದೆ. ಬೋಡಾ ಬೋಡಾದಿಂದ, ಅಂದರೆ ಬಾಡಿಗೆ ಮೋಟಾರ್ ಸೈಕಲ್ಲಿನಿಂದ, ಎಗರಿ ಬಿದ್ದು ಪಿಕಪ್ ವಾಹನದ ಹಿಂಬದಿಯಲ್ಲಿ ಮಲಗಿ ಬಂದ ದಿನಗೂಲಿಯವನಿಗೆ ಅದೇ ಚಿತ್ರ, ಬಂಧುಗಳು ಹಣ ಹೊಂದಿಸಿ ರಸೀದಿ ತರುವವರೆಗೆ ಕಾಯುತ್ತದೆ. ಒಬ್ಬನಿಗೆ ಬೇಡದಿದ್ದರೂ ಸಿಗುತ್ತದೆ, ಇನ್ನೊಬ್ಬನಿಗೆ ಬೇಕಾದರೂ ಸಿಗುವುದಿಲ್ಲ. ಇವೆರಡೂ ಬೇರೆ ಬೇರೆ ತಪ್ಪುಗಳೆಂದು ನಾವು ತಿಳಿದಿದ್ದೇವೆ. ಆದರೆ ಎರಡೂ ಕಡೆ ನಿರ್ಧಾರ ಮಾಡುತ್ತಿರುವುದು ಜೇಬೇ. ಚಿತ್ರ ಬೇಕೋ ಬೇಡವೋ ಎಂಬುದನ್ನು ಗಾಯಗೊಂಡ ದೇಹ ಹೇಳಬೇಕು. ಹಾಗೆ ಹೇಳಿಸುವ ವಿಧಾನ ಸುಮಾರು 25 ವರ್ಷಗಳಿಂದ ಲೋಕದ ಕೈಯಲ್ಲಿದೆ. ಅದಕ್ಕೆ ಯಂತ್ರ ಬೇಡ, ಪರವಾನಗಿ ಶುಲ್ಕ ಬೇಡ. ಎರಡು ಬೆರಳು, ಕೆಲವು ಪ್ರಶ್ನೆ, ಕೇಳುವ ತಾಳ್ಮೆ ಇದ್ದರೆ ಸಾಕು.

ಆ ವಿಧಾನವನ್ನು ಸಾಮಾನ್ಯ ಓದುಗರಾದ ನಾವೂ ತಿಳಿದಿರುವುದು ಒಳ್ಳೆಯದು. 2000ದಲ್ಲಿ ಅಮೆರಿಕದ 21 ಆಸ್ಪತ್ರೆಗಳ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ವೈದ್ಯಲೋಕ ಅದನ್ನು ‘ನೆಕ್ಸಸ್’ ಎಂದು ಕರೆಯುತ್ತದೆ. 34,069 ಗಾಯಾಳುಗಳನ್ನು ಪರೀಕ್ಷಿಸಿದಾಗ ಕುತ್ತಿಗೆಗೆ ಪೆಟ್ಟಾಗಿದ್ದದ್ದು 818 ಮಂದಿಗೆ ಮಾತ್ರ. ಅಧ್ಯಯನಕಾರರು ಐದು ವಿಷಯಗಳನ್ನು ನೋಡಿ ಎಂದರು. ಕತ್ತಿನ ಹಿಂಬದಿಯ ನಟ್ಟನಡುವೆ ಒತ್ತಿದರೆ ನೋಯುತ್ತದೆಯೇ? ರೋಗಿ ಅಮಲಿನಲ್ಲಿದ್ದಾನೆಯೇ? ಎಚ್ಚರ ಮಂಕಾಗಿದೆಯೇ? ಕೈಕಾಲಿನಲ್ಲಿ ಬಲವೋ ಸ್ಪರ್ಶವೋ ಕುಂದಿದೆಯೇ? ಕುತ್ತಿಗೆಯ ನೋವನ್ನು ಮರೆಸುವಷ್ಟು ತೀವ್ರವಾದ ಗಾಯ, ತೊಡೆಯ ಎಲುಬು ಮುರಿದಂಥದ್ದು, ಬೇರೆಲ್ಲಾದರೂ ಇದೆಯೇ? ಐದಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಚಿತ್ರ ಬೇಡ. ಒಂದಕ್ಕೆ ‘ಹೌದು’ ಎಂದಾದರೂ ಚಿತ್ರ ಬೇಕು. ಈ ಐದು ಪ್ರಶ್ನೆಗಳ ಬಲೆಯಿಂದ ಆ 818ರಲ್ಲಿ ತಪ್ಪಿಸಿಕೊಂಡವರು ಎಂಟು ಮಂದಿ.

ಮರುವರ್ಷ, 2001ರಲ್ಲಿ, ಕೆನಡಾದ 10 ಆಸ್ಪತ್ರೆಗಳ 8,924 ರೋಗಿಗಳನ್ನು ಆಧರಿಸಿದ ಇನ್ನೊಂದು ನಿಯಮ ಬಂತು. ಪೂರ್ಣ ಎಚ್ಚರವಿರುವ, ಸ್ಥಿತಿ ಸ್ಥಿರವಾಗಿರುವ ವಯಸ್ಕರಿಗೆ ಮಾತ್ರ ಅದು ಅನ್ವಯಿಸುತ್ತದೆ. ಮೊದಲು ಅಪಾಯದ ಗುರುತುಗಳನ್ನು ನೋಡುತ್ತಾರೆ: ವಯಸ್ಸು 65 ದಾಟಿದೆಯೇ, ಮೂರು ಅಡಿ ಅಥವಾ ಐದು ಮೆಟ್ಟಿಲಿಗಿಂತ ಎತ್ತರದಿಂದ ಬಿದ್ದಿದ್ದಾರೆಯೇ, ವಾಹನ ಪಲ್ಟಿಯಾಗಿದೆಯೇ, ಹೊರಕ್ಕೆ ಎಸೆಯಲ್ಪಟ್ಟಿದ್ದಾರೆಯೇ, ಕೈಕಾಲು ಜುಮುಗುಡುತ್ತಿದೆಯೇ. ಇಂಥದ್ದೇನಾದರೂ ಇದ್ದರೆ ಚಿತ್ರ ತೆಗೆಯಬೇಕು. ಇಲ್ಲವಾದರೆ ಸಮಾಧಾನದ ಗುರುತುಗಳನ್ನು ಹುಡುಕುತ್ತಾರೆ: ಹಿಂದಿನಿಂದ ತಾಗಿದ ಸಾಧಾರಣ ಡಿಕ್ಕಿಯೇ, ಎದ್ದು ನಡೆದಿದ್ದಾರೆಯೇ, ಕುಳಿತುಕೊಂಡಿದ್ದಾರೆಯೇ, ನೋವು ತಡವಾಗಿ ಶುರುವಾಯಿತೇ, ಕತ್ತಿನ ನಡುವೆ ಒತ್ತಿದರೆ ನೋವಿಲ್ಲವೇ. ಇವುಗಳಲ್ಲಿ ಒಂದಿದ್ದರೂ ರೋಗಿಗೆ ತಾನಾಗಿ ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸಲು ಹೇಳುತ್ತಾರೆ. ತಿರುಗಿಸಿದರೆ ಚಿತ್ರ ಬೇಡ. 2003ರಲ್ಲಿ ಕೆನಡಾದಲ್ಲೇ 8,283 ರೋಗಿಗಳ ಮೇಲೆ ಎರಡೂ ನಿಯಮಗಳನ್ನು ಒಟ್ಟಿಗೆ ಒರೆಗೆ ಹಚ್ಚಿದರು. ಮಹತ್ವದ ಪೆಟ್ಟಾಗಿದ್ದ 169 ಮಂದಿಯಲ್ಲಿ ಕೆನಡಾದ ನಿಯಮದ ಕಣ್ಣು ತಪ್ಪಿದವನು ಒಬ್ಬ, ಅಮೆರಿಕದ ನಿಯಮದ ಕಣ್ಣು ತಪ್ಪಿದವರು 16 ಮಂದಿ.

ಇದೆಲ್ಲ ವೈದ್ಯರ ಒಳಮನೆಯ ಮಾತು, ನಮಗೇಕೆ ಎಂದು ಕೇಳಬಹುದು. ಈ ನಿಯಮಗಳೊಳಗೆ ಅಡಗಿರುವ ಸಾಮಾಜಿಕ ವಿವೇಕವನ್ನು ನೋಡಿದರೆ ಇದು ಬರೀ ವೈದ್ಯರ ಮಾತಲ್ಲವೆಂಬುದು ತಿಳಿಯುತ್ತದೆ. ಒಂದೇ ಉದಾಹರಣೆ ಸಾಕು. ಚಂಗಾ ಕುಡಿದು ರಸ್ತೆಬದಿಯಲ್ಲಿ ಬಿದ್ದವನೊಬ್ಬನನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ತಂದರೆ ಲೋಕದ ಸಹಜ ಪ್ರತಿಕ್ರಿಯೆ ಏನು? ‘ಕುಡುಕ, ಮೂಲೆಯಲ್ಲಿ ಮಲಗಿಸಿ, ಬೆಳಗಾದರೆ ತಾನೇ ಎದ್ದು ಹೋಗುತ್ತಾನೆ.’ ನಿಯಮ ಹೇಳುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು. ಅಮಲಿನಲ್ಲಿರುವವನಿಗೆ ತನ್ನ ನೋವು ತಿಳಿಯುವುದಿಲ್ಲ. ‘ನೋವಿಲ್ಲ’ ಎಂಬ ಅವನ ಮಾತನ್ನು ನಂಬಿ ಕೈಬಿಡುವಂತಿಲ್ಲ. ಆದ್ದರಿಂದ ಅವನ ಕುತ್ತಿಗೆಯನ್ನು ಹೆಚ್ಚು ಜೋಪಾನವಾಗಿ ನೋಡಿಕೊಳ್ಳಬೇಕು. ಸಮಾಜ ಯಾರನ್ನು ಮೊದಲು ಕೈಬಿಡುತ್ತದೆಯೋ ಅವನನ್ನೇ ಈ ನಿಯಮ ಮೊದಲು ಹಿಡಿದುಕೊಳ್ಳುತ್ತದೆ. ಮಂಕಾದವನು, ಮಾತು ತೊದಲುವವನು, ಮುದುಕಿ, ಮೈತುಂಬ ಗಾಯವಾದವನು, ಇವರೆಲ್ಲರ ವಿಷಯದಲ್ಲೂ ಹಾಗೆಯೇ. ಕಾರಿನಿಂದ ಇಳಿದು ನಡೆದು ಬಂದ, ಕತ್ತು ತಿರುಗಿಸಬಲ್ಲ ಗಟ್ಟಿಗನಿಗೆ ಮಾತ್ರ ಅದು ‘ನಿನಗೆ ಬೇಡಪ್ಪಾ, ಮನೆಗೆ ಹೋಗು’ ಎನ್ನುತ್ತದೆ. ನೈರೋಬಿಯಲ್ಲಿ ಈಗ ನಡೆಯುತ್ತಿರುವುದರ ತಲೆಕೆಳಗು ಇದು.

ಎರಡನೆಯ ವಿವೇಕ ಭಾಷೆಯದು. ಈ ನಿಯಮಗಳ ಜೀವಾಳವಿರುವುದು ಸಂಭಾಷಣೆಯಲ್ಲಿ. ‘ಇಲ್ಲಿ ಒತ್ತಿದರೆ ನೋಯುತ್ತದೆಯೇ, ಕೈ ಜುಮ್ಮೆನ್ನುತ್ತದೆಯೇ, ಮೆಲ್ಲಗೆ ಕತ್ತು ತಿರುಗಿಸಿ’ ಎಂಬ ಮಾತು ರೋಗಿಗೆ ಅರ್ಥವಾಗಬೇಕು, ಅವನ ಉತ್ತರ ಕೇಳುವವರಿಗೆ ಅರ್ಥವಾಗಬೇಕು. ನೈರೋಬಿಯ ತುರ್ತು ವಿಭಾಗಕ್ಕೆ ಬರುವವರು ಕಿಕುಯು, ಲುವೋ, ಕಾಂಬಾ, ಸೊಮಾಲಿ ಮಾತನಾಡುವವರು. ಯುವಕರು ಬೀದಿಯ ಶೆಂಗ್ ಮಾತನಾಡುವವರು. ಊರಿನಿಂದ ಮೊಮ್ಮಗುವನ್ನು ನೋಡಲು ಬಂದು ಮೆಟ್ಟಿಲಿನಿಂದ ಜಾರಿದ ನಮ್ಮ ಅಮ್ಮಂದಿರಿಗೆ ಕನ್ನಡವೋ ತುಳುವೋ ಬಿಟ್ಟರೆ ಇನ್ನೊಂದು ಬಾರದಿರಬಹುದು. ಭಾಷೆ ತಿಳಿಯದೆ ತಲೆಯಾಡಿಸಿದ ರೋಗಿಯನ್ನು ‘ನೋವಿಲ್ಲ’ ಎಂದು ಬರೆದುಕೊಂಡರೆ ನಿಯಮವನ್ನು ಪಾಲಿಸಿದಂತಲ್ಲ, ಅಣಕಿಸಿದಂತೆ. ಇಂಗ್ಲಿಷಿನಲ್ಲಿ ಮುದ್ರಿಸಿದ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಭಾಷೆಯ ಹಕ್ಕಿಗಾಗಿ ದನಿಯೆತ್ತುವ ನಮಗೆ ಇದು ಬೇಗ ಅರ್ಥವಾಗಬೇಕಾದ ವಿಷಯ.

ಹೊರಗಿನ ನಿಯಮವನ್ನು ಹಾಗೆಯೇ ಎತ್ತಿ ತರುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಕೆನಡಾದ ನಿಯಮ ಗಂಟೆಗೆ 100 ಕಿಲೋಮೀಟರಿಗಿಂತ ಹೆಚ್ಚಿನ ವೇಗದ ಡಿಕ್ಕಿಯನ್ನು ಅಪಾಯವೆಂದು ಎಣಿಸುತ್ತದೆ. ಅದು ಸೀಟ್ ಬೆಲ್ಟ್ ಕಟ್ಟಿಕೊಂಡು ಪ್ರಯಾಣಿಸುವವರೇ ಹೆಚ್ಚಿರುವ ನಾಡಿನ ಲೆಕ್ಕ. ಕೀನ್ಯಾದ ಮಟಾಟುಗಳಿಗೆ 2004ರ ‘ಮಿಚುಕಿ ನಿಯಮ’ಗಳು ಸೀಟ್ ಬೆಲ್ಟನ್ನೂ 80 ಕಿಲೋಮೀಟರಿನ ವೇಗಮಿತಿಯ ಸಾಧನವನ್ನೂ ಕಡ್ಡಾಯಗೊಳಿಸಿದವು. ಅವು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿವೆ ಎಂಬುದನ್ನು ದಿನವೂ ಥಿಕಾ ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಬೆಲ್ಟಿಲ್ಲದ ಮಟಾಟುವಿನಲ್ಲಿ 60ರ ವೇಗವೂ ಕುತ್ತಿಗೆ ಮುರಿಯಬಲ್ಲದು. ಹೆಲ್ಮೆಟ್ ಇಲ್ಲದೆ ಮೂವರನ್ನು ಹೊತ್ತ ಬೋಡಾ ಬೋಡಾ ಕೆನಡಾದವರ ಪಟ್ಟಿಯಲ್ಲಿ ಹೇಗಿದ್ದೀತು? ಕಟ್ಟುತ್ತಿರುವ ಬಹುಮಹಡಿಯ ಕಟ್ಟಡದ ಮರದ ಅಟ್ಟಣೆಯಿಂದ ಬೀಳುವ ಮ್ಜೆಂಗೊ ಕೂಲಿಯವನಾದರೋ ಮೂರು ಅಡಿಯ ಲೆಕ್ಕವನ್ನು ಯಾವತ್ತೋ ದಾಟಿರುತ್ತಾನೆ. ಇಲ್ಲಿನ ರಸ್ತೆ, ಇಲ್ಲಿನ ದುಡಿಮೆ, ಇಲ್ಲಿನ ಗಾಯಗಳನ್ನು ಎಣಿಸಿ ಈ ನಿಯಮವನ್ನು ಇಲ್ಲಿಯೇ ಪರೀಕ್ಷಿಸಬೇಕು. ಆ ಕೆಲಸ ಮಾಡಬಲ್ಲ ವೈದ್ಯರು ಇಲ್ಲಿದ್ದಾರೆ. ಎಮರ್ಜೆನ್ಸಿ ಮೆಡಿಸಿನ್ ಕೀನ್ಯಾ ಫೌಂಡೇಶನ್ ಎಂಬ ಸಂಸ್ಥೆ ತುರ್ತು ಚಿಕಿತ್ಸೆಯ ಹಂತಹಂತದ ಕೈಪಿಡಿಗಳನ್ನು ಹೊರತರುತ್ತಲೇ ಇದೆ. ಅವರಿಗೆ ಬೇಕಾಗಿರುವುದು ಪ್ರಭುತ್ವದ ಬೆಂಬಲ.

ಪ್ರಭುತ್ವ ಇದುವರೆಗೆ ಮೆಚ್ಚಿಕೊಂಡಿರುವುದು ಯಂತ್ರಗಳನ್ನು. 2015ರಲ್ಲಿ ಕೀನ್ಯಾ ಸರ್ಕಾರ ದೇಶದ 98 ಆಸ್ಪತ್ರೆಗಳಿಗೆ ಎಕ್ಸ್‌ರೇ ಮೊದಲಾದ ಉಪಕರಣಗಳನ್ನು ಬಹುರಾಷ್ಟ್ರೀಯ ಕಂಪನಿಗಳಿಂದ ಗುತ್ತಿಗೆಗೆ ಪಡೆಯುವ ಭಾರೀ ಯೋಜನೆಯನ್ನು ಕೈಗೆತ್ತಿಕೊಂಡಿತು. ಹಲವೆಡೆ ಯಂತ್ರ ಬಂತು, ಅದನ್ನು ನಡೆಸುವವರು ಬರಲಿಲ್ಲ. 2020ರಲ್ಲಿ ಸೆನೆಟಿನ ಸಮಿತಿಯೊಂದು ಆ ಇಡೀ ವ್ಯವಹಾರವನ್ನು ಕಟುವಾಗಿ ಖಂಡಿಸಿತು. ಇದೇ ಅವಧಿಯಲ್ಲಿ, 2016ರ ಡಿಸೆಂಬರಿನಿಂದ 2017ರ ಮಾರ್ಚ್‌ವರೆಗೆ, ಸರ್ಕಾರಿ ವೈದ್ಯರು 100 ದಿನ ಮುಷ್ಕರ ಹೂಡಬೇಕಾಯಿತು. 2024ರಲ್ಲಿ ಮತ್ತೆ 56 ದಿನ. ಉಪಕರಣಕ್ಕೆ ಹಣವಿದೆ, ಉಪಕರಣ ಬೇಕೋ ಬೇಡವೋ ಎಂದು ನಿರ್ಧರಿಸಬಲ್ಲ ಮನುಷ್ಯರಿಗೆ ಸಂಬಳವಿಲ್ಲ! ಕೀನ್ಯಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಗಾಯಾಳುವನ್ನು ಮೊದಲು ನೋಡುವವರು ಹಲವು ಬಾರಿ ಕ್ಲಿನಿಕಲ್ ಆಫೀಸರುಗಳು, ದಾದಿಯರು. ಕೆನಡಾದಲ್ಲಿ ಇದೇ ನಿಯಮವನ್ನು ದಾದಿಯರಿಗೆ ಕಲಿಸಿ ಬಳಸಿ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ 12 ಆಸ್ಪತ್ರೆಗಳ ಪ್ರಯೋಗವೊಂದರಲ್ಲಿ, ನಿಯಮವನ್ನು ಶ್ರದ್ಧೆಯಿಂದ ಜಾರಿಗೆ ತಂದ ಕಡೆ ಕುತ್ತಿಗೆಯ ಚಿತ್ರಗಳ ಪ್ರಮಾಣ ನೂರಕ್ಕೆ 61.7ರಿಂದ 53.3ಕ್ಕೆ ಇಳಿಯಿತು, ಯಾವ ಮುರಿತವೂ ಕಣ್ಣು ತಪ್ಪಲಿಲ್ಲ. ಸಿರಿವಂತ ನಾಡಿನಲ್ಲಿ ಅದು ಉಳಿತಾಯದ ಲೆಕ್ಕ. ಯಂತ್ರದ ಮುಂದೆ ಉದ್ದದ ಸಾಲಿರುವ ಊರಿನಲ್ಲಿ, ಬೇಡದವನು ಸಾಲಿನಿಂದ ಹೊರಬಂದರೆ ಬೇಕಾದವನು ಒಂದು ಹೆಜ್ಜೆ ಮುಂದೆ ಹೋಗುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ನಿಯಮವನ್ನು ಬಡವರಿಗೆ ‘ಇಲ್ಲ’ ಎನ್ನುವ ಇನ್ನೊಂದು ನೆಪವನ್ನಾಗಿ ಬಳಸುವ ಅಪಾಯವಿದೆ. ‘ನಿಮಗೆ ಚಿತ್ರ ಬೇಡ’ ಎಂಬ ವೈದ್ಯಕೀಯ ಮಾತಿಗೂ ‘ನಿಮ್ಮಲ್ಲಿ ಹಣವಿಲ್ಲ’ ಎಂಬ ಮಾತಿಗೂ ಇರುವ ಗೆರೆಯನ್ನು ಅಳಿಸಿಬಿಡುವುದು ಸುಲಭ. ಅದಕ್ಕೇ ನಿಯಮದ ಜೊತೆಗೆ ಖಾತರಿಯೂ ಬೇಕು: ನಿಯಮ ‘ಬೇಕು’ ಎಂದಾಗ ಯಾರೂ ಮುಂಗಡ ಕೇಳುವಂತಿಲ್ಲ. ಈ ಖಾತರಿ ಕಾಗದದ ಮೇಲೆ ಈಗಾಗಲೇ ಇದೆ. ಕೀನ್ಯಾದ 2010ರ ಸಂವಿಧಾನದ 43ನೆಯ ವಿಧಿಯ ಎರಡನೆಯ ಉಪವಿಧಿ, ಯಾರಿಗೂ ತುರ್ತು ಚಿಕಿತ್ಸೆಯನ್ನು ನಿರಾಕರಿಸಕೂಡದು ಎನ್ನುತ್ತದೆ. 2017ರ ಆರೋಗ್ಯ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆದರೂ 2015ರ ಅಕ್ಟೋಬರಿನಲ್ಲಿ, ವಾಹನ ಗುದ್ದಿ ಹೋದ ಯುವಕನೊಬ್ಬ ತೀವ್ರ ನಿಗಾ ಘಟಕದ ಹಾಸಿಗೆಗಾಗಿ ನೈರೋಬಿಯ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, 18 ಗಂಟೆಗಳನ್ನು ಆಂಬುಲೆನ್ಸಿನಲ್ಲಿಯೇ ಕಳೆದು, ಕೊನೆಗೆ ಸತ್ತ. ಸಂವಿಧಾನಕ್ಕೆ ಆಗ ಐದು ವರ್ಷ ತುಂಬಿತ್ತು.

ನಮ್ಮ ನಾಡಿನ ಅನುಭವ ಇದಕ್ಕಿಂತ ಬೇರೆಯಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕನೊಬ್ಬನನ್ನು ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಿಂದಕ್ಕೆ ಕಳಿಸಿದವು. ಕಾರ್ಮಿಕರ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ನ್ಯಾಯಾಲಯ, ಸಕಾಲದ ಚಿಕಿತ್ಸೆ ಜೀವಿಸುವ ಹಕ್ಕಿನ ಭಾಗವೆಂದೂ ಹಣದ ಕೊರತೆ ಪ್ರಭುತ್ವಕ್ಕೆ ನೆಪವಾಗದೆಂದೂ ತೀರ್ಪಿತ್ತಿತು. ಅದಾದ ಇಪ್ಪತ್ತು ವರ್ಷಕ್ಕೆ, 2016ರ ಫೆಬ್ರವರಿಯಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಎಂಬ ಯುವಕ ಸಾಯುವ ಗಳಿಗೆಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದದ್ದನ್ನು ಕರ್ನಾಟಕ ಮರೆತಿಲ್ಲ. ಆತನ ಹೆಸರಿನಲ್ಲಿ ಬಂದ ‘ಸಾಂತ್ವನ ಹರೀಶ್’ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ, ಅವನು ಯಾವ ಊರಿನವನೇ ಆಗಿರಲಿ, ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚವನ್ನು 25,000 ರೂಪಾಯಿಯವರೆಗೆ ಸರ್ಕಾರವೇ ಭರಿಸುವುದೆಂದಿತು. ಜಾರಿಯಲ್ಲಿ ಲೋಪಗಳೇನೇ ಇರಲಿ, ಆ ಯೋಜನೆಯ ಮೂಲಭಾವ ಸರಿಯಾದದ್ದು. ಅಪಘಾತದ ಮೊದಲ ಎರಡು ದಿನ ಹಣದ ಮಾತು ಆಡಕೂಡದು. ಕುತ್ತಿಗೆ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಆ ಎರಡು ದಿನಗಳಲ್ಲಿಯೇ.

ಕೀನ್ಯಾದಲ್ಲಿ ಈಗ ಅದಕ್ಕೊಂದು ಅವಕಾಶ ಒದಗಿದೆ. 2023ರ ಸಾಮಾಜಿಕ ಆರೋಗ್ಯ ವಿಮಾ ಕಾಯ್ದೆ ತುರ್ತು ಮತ್ತು ಗಂಭೀರ ಕಾಯಿಲೆಗಳಿಗೆಂದೇ ಪ್ರತ್ಯೇಕ ನಿಧಿಯೊಂದನ್ನು ಸ್ಥಾಪಿಸಿದೆ. 2024ರ ಅಕ್ಟೋಬರಿನಿಂದ ಹೊಸ ಪ್ರಾಧಿಕಾರ ನಮ್ಮೆಲ್ಲರ ಸಂಬಳದಿಂದಲೂ ನೂರಕ್ಕೆ 2.75ರಷ್ಟನ್ನು ಕತ್ತರಿಸಿಕೊಳ್ಳುತ್ತಿದೆ. ಈ ಕಡಿತದ ಬಗ್ಗೆ ನಮ್ಮ ಕೂಟಗಳಲ್ಲಿ ಗೊಣಗಾಟ ಕೇಳುತ್ತಲೇ ಇರುತ್ತೇವೆ: ‘ನಮಗೆ ಕಂಪನಿಯ ವಿಮೆ ಇದೆ, ಇದೇಕೆ?’ ಕಟ್ಟಿದ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಏಕೆ ಕಟ್ಟಬೇಕು ಎಂದು ಕೇಳುವುದು ಬೇರೆ ಮಾತು. ತುರ್ತು ನಿಧಿಯಿಂದ ಮುಂಗಡವಿಲ್ಲದೆ ಕುತ್ತಿಗೆಯ ಚಿತ್ರ ದೊರೆಯುತ್ತಿದೆಯೇ ಎಂಬ ಲೆಕ್ಕ ಕೇಳುವವರಾಗಿ ನಾವು ಕಟ್ಟೋಣ, ಗೊಣಗುವವರಾಗಿ ಅಲ್ಲ.

ಏಕೆಂದರೆ ನೈರೋಬಿಯ ಈ ಎರಡು ಸಾಲುಗಳ ಇತಿಹಾಸದಲ್ಲಿ ನಮಗೂ ಒಂದು ಜಾಗವಿದೆ. 1899ರಲ್ಲಿ ರೈಲ್ವೆಯ ತಂಗುದಾಣವಾಗಿ ಹುಟ್ಟಿದ ಈ ಊರಿನಲ್ಲಿ ವಸಾಹತು ಆಡಳಿತ ಆಸ್ಪತ್ರೆಗಳನ್ನೂ ಚರ್ಮದ ಬಣ್ಣ ನೋಡಿಯೇ ಕಟ್ಟಿತು. ಇಂದಿನ ಕೆನ್ಯಾಟ ರಾಷ್ಟ್ರೀಯ ಆಸ್ಪತ್ರೆ 1901ರಲ್ಲಿ ‘ಸ್ಥಳೀಯರ’ ಆಸ್ಪತ್ರೆಯಾಗಿ ಶುರುವಾದದ್ದು. ಯುರೋಪಿಯನ್ನರಿಗೆ ಬೇರೆ, ಏಷ್ಯಾದವರಿಗೆ ಬೇರೆ. ಸ್ವಾತಂತ್ರ್ಯ ಬಂದಮೇಲೆ ಹಲಗೆಗಳು ಬದಲಾದವು, ಬಣ್ಣದ ಜಾಗಕ್ಕೆ ಹಣ ಬಂತು. ನಡುವಿನ ಮೆಟ್ಟಿಲಿನಲ್ಲಿದ್ದ ನಾವು ಮೇಲಿನ ಮೆಟ್ಟಿಲಿಗೆ ಏರಿದೆವು. ಜಾತಿಯ ಮೆಟ್ಟಿಲುಗಳನ್ನು ಊರಿನಲ್ಲಿ ಪ್ರಶ್ನಿಸಿ ಬಂದವರು ನಾವು. ಇಲ್ಲಿನ ಮೆಟ್ಟಿಲು ನಮಗೆ ಅನುಕೂಲವಾಗಿದೆ ಎಂಬ ಕಾರಣಕ್ಕೆ ಕಾಣದಂತಾಗಿದ್ದರೆ ನಮ್ಮ ವೈಚಾರಿಕತೆ ವಿಮಾನ ಹತ್ತುವಾಗಲೇ ಉಳಿದುಹೋಯಿತೆಂದು ಅರ್ಥ.

ಇದೇ ಊರಿನಲ್ಲಿ ರಾಷ್ಟ್ರೀಯ ಬೆನ್ನುಹುರಿ ಗಾಯಾಳುಗಳ ಆಸ್ಪತ್ರೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗಾಗಿ ಆರಂಭವಾದ ಆ ಪುಟ್ಟ ಆಸ್ಪತ್ರೆಗೆ ಈಗ ದೇಶದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ರಸ್ತೆಯೂ ಕಟ್ಟಡದ ಕೆಲಸವೂ ಅದರ ಹಾಸಿಗೆಗಳನ್ನು ತುಂಬಿಸುತ್ತಲೇ ಇವೆ. ಹುರಿ ಕಡಿದಮೇಲೆ ಅದನ್ನು ಮತ್ತೆ ಹೊಸೆಯುವ ವಿದ್ಯೆ ಇಂದಿಗೂ ಯಾರಲ್ಲಿಯೂ ಇಲ್ಲ. ತಡೆಯಲು ಸಾಧ್ಯವಿದ್ದ ಒಂದೊಂದು ಪಾರ್ಶ್ವವಾಯುವೂ ಒಂದು ಸಂಸಾರದ ಮುಗಿಯದ ಸಾಲ, ಒಬ್ಬ ತಾಯಿಯ ಅಥವಾ ಹೆಂಡತಿಯ ಜೀವನಪರ್ಯಂತದ ಸಂಬಳವಿಲ್ಲದ ದುಡಿಮೆ.

ಹಾಗಾಗಿ ಬೇಡಿಕೆಗಳು ಸ್ಪಷ್ಟವಾಗಿರಲಿ. ಪ್ರತಿ ತುರ್ತು ವಿಭಾಗದಲ್ಲೂ, ಸರ್ಕಾರಿಯಿರಲಿ ಖಾಸಗಿಯಿರಲಿ, ಕುತ್ತಿಗೆಯ ಚಿತ್ರದ ನಿಯಮ ಲಿಖಿತವಾಗಿ ಇರಲಿ, ಸ್ವಾಹಿಲಿಯಲ್ಲೂ ಇರಲಿ. ಅದನ್ನು ಕ್ಲಿನಿಕಲ್ ಆಫೀಸರುಗಳಿಗೂ ದಾದಿಯರಿಗೂ ಕಲಿಸಲಿ. ನಿಯಮದ ಪ್ರಕಾರ ನೋಡಿದ್ದೇನು, ಕಂಡದ್ದೇನು ಎಂಬುದನ್ನು ರೋಗಿಯ ಹಾಳೆಯಲ್ಲಿ ಬರೆಯಲಿ, ‘ಬೇಡ’ ಎಂದದ್ದಕ್ಕೂ ಕಾರಣ ದಾಖಲಾಗಲಿ. ‘ಬೇಕು’ ಎಂದಾದರೆ ಮೊದಲು ಚಿತ್ರ, ಆಮೇಲೆ ರಸೀದಿ. ಇದನ್ನು ಕೇಳುವ ಕೀನ್ಯಾದ ವೈದ್ಯ ಸಂಘಟನೆಗಳ, ರೋಗಿಗಳ ಪರ ಹೋರಾಟಗಾರರ ಬೆನ್ನಿಗೆ ನಮ್ಮ ಕನ್ನಡದ ಕೂಟಗಳೂ ನಿಲ್ಲಲಿ.

ನಮ್ಮ ಪಾಲಿಗೆ ಇನ್ನೊಂದು ಸಣ್ಣ ಕೆಲಸವೂ ಇದೆ. ಮುಂದೆ ಎಂದಾದರೂ ನಮಗೇ ಸಣ್ಣ ಡಿಕ್ಕಿಯಾಗಿ, ನಡೆದುಕೊಂಡೇ ಆಸ್ಪತ್ರೆಗೆ ಹೋಗಿ, ಯಾರಾದರೂ ಸ್ಕ್ಯಾನಿಗೆ ಚೀಟಿ ಬರೆದರೆ ಒಂದು ಪ್ರಶ್ನೆ ಕೇಳೋಣ: ‘ಡಾಕ್ಟರೇ, ನಿಯಮ ಏನು ಹೇಳುತ್ತದೆ?’ ವೈದ್ಯರು ನಿಯಮ ನೋಡಿಯೇ ಬೇಕೆಂದರೆ ತಕರಾರಿಲ್ಲದೆ ಮಾಡಿಸಿಕೊಳ್ಳೋಣ. ವಿಮೆ ಇದೆಯಲ್ಲ ಎಂಬುದೇ ಕಾರಣವಾಗಿದ್ದರೆ, ನಮ್ಮ ಹಿಂದೆ ಸಾಲಿನಲ್ಲಿ ಯಾರಿದ್ದಾರೆ ಎಂದು ಒಮ್ಮೆ ಯೋಚಿಸೋಣ.